ಮೂರು ವರ್ಷ ಯಾರೂ ಮುಟ್ಟದ ರಸ

ಮಂತ್ರಾಲಯದಲ್ಲಿ ಮಡಿ ಅಡುಗೆ ಮಾಡುವ ಹೆಂಗಸರು ಹತ್ತಾರು ಜನ ಇದ್ದಾರೆ. ಆದರೆ ಸಕ್ಕೂಬಾಯಿಯ ಮಾತೇ ಬೇರೆ. ಇಪ್ಪತ್ತೆರಡು ವರ್ಷ ಪರಸ್ಥಳದವರ ಶ್ರಾದ್ಧಕ್ಕೆ, ಪಾರಣೆಗೆ, ಗುರುವಾರದ ನೈವೇದ್ಯಕ್ಕೆ ಬೇಯಿಸಿ ಹಾಕಿದವಳು ಒಂದು ದಿನವೂ ತನ್ನ ಸಾರಿನ ಹನಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿಲ್ಲ. ನೋಡುವ ಹಾಗೂ ಇಲ್ಲ. ದೇವರಿಗೆ ತೋರಿಸುವ ಮೊದಲು ಅಡುಗೆಯವಳು ರುಚಿ ನೋಡಿದರೆ ಅದು ಎಂಜಲು. ಹಾಗಾಗಿ ಉಪ್ಪು ಸಾಲದೋ ಹೆಚ್ಚೋ, ಹುಣಸೆ ಹಳೆಯದೋ ಹೊಸದೋ, ಎಲ್ಲವನ್ನೂ ಆಕೆ ಮೂಗಿನಿಂದಲೇ ತಿಳಿದುಕೊಳ್ಳುತ್ತಿದ್ದಳು. ಕುದಿಯುವ ಪಾತ್ರೆಯಿಂದ ಎರಡು ಮೊಳ ಆಚೆ ನಿಂತು, ತನಗೆ ತಾನೇ ತಲೆಯಾಡಿಸಿ, ಇನ್ನೊಂದು ಚಿಟಿಕೆ ಉದುರಿಸಿದಳೆಂದರೆ ಮುಗಿಯಿತು. ಎಲೆಯ ಮುಂದೆ ಕೂತವರು ಉಪ್ಪು ಕೇಳಿದ ಉದಾಹರಣೆ ಇಲ್ಲ.

ಇದಕ್ಕೂ ಒಮ್ಮೆ ತಕರಾರು ಬಂತು. ತೆಗೆದವರು ಸುಯಮೀಂದ್ರಾಚಾರ್. ಯಾತ್ರಿಕರು ಇಳಿದುಕೊಳ್ಳುವ ಒಂದು ಲಾಡ್ಜಿನ ಮ್ಯಾನೇಜರು ಇವರು. ಯಾವ ಕೋಣೆಯವರಿಗೆ ಯಾರ ಕೈ ಅಡುಗೆ ಎಂದು ತೀರ್ಮಾನಿಸುವವರೂ ಇವರೇ. ಇವರ ಬಾಯಿಂದ ಹೆಸರು ಬಂದರೆ ಆ ಹೆಂಗಸಿನ ಮನೆಯ ಒಲೆ ಉರಿಯುತ್ತದೆ, ಬರದಿದ್ದರೆ ಇಲ್ಲ. ನೈವೇದ್ಯದ ಪದಾರ್ಥವನ್ನು ರುಚಿ ನೋಡುವುದಿರಲಿ, ಮೂಸುವುದೂ ನಿಷಿದ್ಧ, ನೀನು ಮೂಸುತ್ತೀಯಲ್ಲ ಎಂದು ಅವರು ನಾಲ್ಕು ಜನರೆದುರಿಗೆ ಕೇಳಿದರು. ಸಕ್ಕೂಬಾಯಿ ಸೆರಗು ಸರಿಮಾಡಿಕೊಂಡಳು.

"ನಾ ಎಲ್ಲಿ ಮೂಸ್ತೀನ್ರಿ ಆಚಾರ್ರೇ? ವಾಸನಿನ ನನ್ನ ಕಡೆ ಬರ್ತದ. ಬರಬ್ಯಾಡ ಅಂತ ಅದಕ್ಕ ನೀವ ಹೇಳ್ರಿ."

ಆಚಾರ್ರು ತಮಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ತಡಕಾಡಿದರು. ವಾಸನೆಗೆ ಅಪ್ಪಣೆ ಕೊಡುವ ವಾಕ್ಯ ಒಂದೂ ಸಿಗಲಿಲ್ಲ. ಮಾತನ್ನು ಅಲ್ಲಿಗೇ ಬಿಟ್ಟರು, ಮರೆಯಲಿಲ್ಲ.

ಆದರೆ ಸಕ್ಕೂಬಾಯಿಗೆ ಕೆಲಸ ಸಿಗುತ್ತಿದ್ದದ್ದು ಬರೀ ಮೂಗಿನ ಬಲದಿಂದಲ್ಲ, ಗಂಡನ ಹೆಸರಿನಿಂದ. ಪುರಾಣ ಹೇಳುವ ಜಯತೀರ್ಥಾಚಾರ್ ಎಂದರೆ ಈ ಕಡೆ ಆದೋನಿ, ಆ ಕಡೆ ರಾಯಚೂರಿನವರೆಗೂ ಗೊತ್ತು. ಸಂಜೆ ವ್ಯಾಸಪೀಠದ ಮುಂದೆ ಕೂತರೆ ಅವರ ಕಣ್ಣು ಕೆಂಪಾಗುತ್ತಿತ್ತು, ಗಂಟಲು ಕಟ್ಟುತ್ತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಭಕ್ತಿ ಅಂದರೆ ಇದು ಎಂದು ಕೇಳಲು ಬಂದವರು ತಾವೂ ಕಣ್ಣೊರೆಸಿಕೊಳ್ಳುತ್ತಿದ್ದರು. ಎಂಟು ವರ್ಷದ ಹಿಂದೆ ಹೊಟ್ಟೆ ಊದಿ, ಮೈ ಹಳದಿಯಾಗಿ ಅವರು ತೀರಿಕೊಂಡಾಗ, ಉಪವಾಸ ಮಾಡಿ ಮಾಡಿ ಲಿವರ್ ಕೆಟ್ಟಿತು ಎಂದು ಓಣಿಗೆ ಓಣಿಯೇ ಮರುಗಿತು. ಅಂಥ ಮಹಾನುಭಾವರ ಹೆಂಡತಿಯ ಕೈ ಅಡುಗೆ ಎಂದು ಹೇಳಿದರೆ ಸಾಕು, ಹೈದರಾಬಾದಿನವರೂ ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದರು. ಸಕ್ಕೂಬಾಯಿಗೆ ಮಕ್ಕಳಿಲ್ಲ, ಹೊಲಮನೆ ಇಲ್ಲ. ಆ ಹೆಸರೇ ಆಕೆಯ ಅನ್ನ. ಅದಕ್ಕೆ ಕಲೆ ಬಿದ್ದ ದಿನ ತನ್ನ ಒಲೆ ಆರುತ್ತದೆ ಎಂಬುದು ಆಕೆಗೆ ಊರಿನ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಇಂಥವಳನ್ನು ವೈನ್ ಕುಡಿಯುವ ಜಾಗಕ್ಕೆ ಕರೆದುಕೊಂಡು ಹೋದ ಪುಣ್ಯಾತ್ಮನ ಹೆಸರು ವಿಠಲ್. ಕರ್ನೂಲಿನ ಒಂದು ಕಚೇರಿಯಲ್ಲಿ ದೊಡ್ಡ ಅಧಿಕಾರಿ. ಹಣೆಯಲ್ಲಿ ಅಂಗಾರ ಅಕ್ಷತೆ, ಕೈಯಲ್ಲಿ ಎರಡು ಫೋನು. ವರ್ಷಕ್ಕೆರಡು ಸಲ ತಾಯಿಯನ್ನು ಕರೆದುಕೊಂಡು ಮಂತ್ರಾಲಯಕ್ಕೆ ಬಂದು, ಲಾಡ್ಜಿನ ಏಸಿ ಕೋಣೆಯಲ್ಲಿ ಮೂರು ದಿನ ಭಕ್ತಿ ಮಾಡಿಕೊಂಡು ಹೋಗುವುದು ರೂಢಿ. ಈ ಸಲ ಜಪಕ್ಕೆ ಕೂತಿದ್ದಾಗಲೇ ಫೋನಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: ತುಂಗಭದ್ರಾ ಕಣಿವೆಯ ವೈನ್ ಪ್ರದೇಶಕ್ಕೆ ಖಾಸಗಿ ಪ್ರವಾಸ, ಒಂದೇ ದಿನ, ನಿಮಗಾಗಿ ಮಾತ್ರ. ಸಿರುಗುಪ್ಪ ದಾಟಿ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಮೂರು ದ್ರಾಕ್ಷಿ ತೋಟಗಳಿವೆಯಂತೆ. ಸುತ್ತ ಹತ್ತು ಹರದಾರಿ ಬರೀ ಭತ್ತ. ಆದರೂ ಮೂರಕ್ಕೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಬೋರ್ಡು ಹಾಕಿದ ಮೇಲೆ ಅದು ಪ್ರದೇಶವಾಯಿತು.

ತೊಡಕು ಒಂದೇ ಇತ್ತು. ಆ ಪ್ಯಾಕೇಜು ಇಬ್ಬರಿಗೆ, ತಲೆಗೆ ಐದು ಗ್ಲಾಸು. ಒಬ್ಬನೇ ಹೋದರೂ ಇಬ್ಬರದು ಕೊಡಬೇಕು. ಹೆಂಡತಿ ಪತ್ತಿಕೊಂಡದ ತವರಿನಲ್ಲಿದ್ದಳು, ಇಲ್ಲಿದ್ದರೂ ಬರುತ್ತಿರಲಿಲ್ಲ. ಕಚೇರಿಯ ಸ್ನೇಹಿತನನ್ನು ಕರೆದರೆ ಸುದ್ದಿ ಮೇಲಿನವರ ಕಿವಿಗೆ ಮುಟ್ಟುತ್ತದೆ. ಕೊನೆಗೆ ಆತನ ಬುದ್ಧಿ ಎಲ್ಲಿಗೆ ಓಡಿತೆಂದರೆ, ಎರಡನೆಯ ತಲೆಯಾಗಿ ತಾಯಿಯನ್ನೇ ಬರೆಸಿಬಿಟ್ಟ. ಎಂಬತ್ತು ದಾಟಿದ ಸುಭದ್ರಮ್ಮ, ಪರರ ಮನೆಯ ನೀರನ್ನೂ ಮುಟ್ಟದವರು, ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸದೆ ಪ್ರಯಾಣ ಮಾಡುವವರು, ವೈನ್ ಪ್ರವಾಸದ ಪಟ್ಟಿಯಲ್ಲಿ ಎರಡನೆಯ ಅತಿಥಿಯಾದರು.

ತಾಯಿಗೆ ಹೇಳಿದ್ದು ಬೇರೆ. ಅಲ್ಲಿ ಹೊಳೆ ಉತ್ತರಕ್ಕೆ ಹರಿಯುತ್ತದೆ, ಸ್ನಾನಕ್ಕೆ ಮಹಾಪುಣ್ಯ, ಪಕ್ಕದಲ್ಲೇ ಗೆಳೆಯನದೊಂದು ದ್ರಾಕ್ಷಿ ತೋಟ. ಹೊಳೆಯ ದಿಕ್ಕನ್ನು ಅಳೆದು ನೋಡುವವರು ಯಾರು? ಮಗನ ಅನುಕೂಲಕ್ಕೆ ಅದು ಅಂದು ಉತ್ತರಕ್ಕೆ ಹರಿಯಿತು. ತಾಯಿಯ ಊಟಕ್ಕೆ ಮಡಿ ಅಡುಗೆಯವರು ಬೇಕೆಂದಾಗ ಸುಯಮೀಂದ್ರಾಚಾರ್ ಸಕ್ಕೂಬಾಯಿಯನ್ನು ಕೊಟ್ಟರು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲಿಲ್ಲ. ಕೇಳಬಾರದ್ದನ್ನು ಕೇಳದೆ ಇರುವುದರಲ್ಲಿ ಅವರದು ಪಳಗಿದ ಕೈ.

ಬುಧವಾರ ಬೆಳಗಿನ ಐದಕ್ಕೆ ಇನ್ನೋವಾ ಹೊರಟಿತು. ಓಡಿಸುವವನು ಆದೋನಿಯ ಸುಂಕಣ್ಣ, ಹತ್ತು ವರ್ಷದಿಂದ ಇದೇ ದಾರಿಯಲ್ಲಿ ಭಕ್ತರನ್ನು ಹೊತ್ತು ಅವರ ಮಾತು ಕೇಳಿ ಕೇಳಿ ಪಳಗಿದವನು. ಹಿಂದಿನ ಸೀಟಿನಲ್ಲಿ ಪಾತ್ರೆಗಳ ಬುಟ್ಟಿ, ಗ್ಯಾಸ್ ಒಲೆ, ಯಾರಿಗೂ ತಾಗದಂತೆ ಕೋಲಿಗೆ ಸಿಕ್ಕಿಸಿದ ಮಡಿ ಸೀರೆ, ಇವುಗಳ ಸಂದಿಯಲ್ಲಿ ಸಕ್ಕೂಬಾಯಿ. ಆದೋನಿಯ ಹತ್ತಿರ ಹತ್ತಿಯ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಸುಭದ್ರಮ್ಮ ವಿಷ್ಣು ಸಹಸ್ರನಾಮವನ್ನು ಎರಡು ಸಲ ಮುಗಿಸಿದರು. ವಿಠಲ್ ನಡುನಡುವೆ ಕೈ ಮುಗಿಯುತ್ತ ಫೋನಿನಲ್ಲಿ ವೈನ್ ಹೇಗೆ ಕುಡಿಯಬೇಕು ಎಂಬ ಪಾಠ ಓದುತ್ತಿದ್ದ.

ಮೊದಲನೆಯ ತೋಟಕ್ಕೆ ಬೀಗ ಹಾಕಿತ್ತು. ಕಾವಲುಗಾರ ಬೇಲಿಯ ಆಚೆಯಿಂದಲೇ ಬಳ್ಳಿ ತೋರಿಸಿ, ನೋಡಿಯಾಯಿತಲ್ಲ ಎಂದು ಕಳಿಸಿದ. ಎರಡನೆಯದರಲ್ಲಿ ಮರದ ಪೀಪಾಯಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಏರ್ಪಾಡಿತ್ತು. ಸುಂಕಣ್ಣ ಬೆರಳಿನಿಂದ ತಟ್ಟಿ ನೋಡಿ, ಒಳಗೆ ಖಾಲಿ, ಮೇಲೆ ಬಣ್ಣ ಎಂದು ತೀರ್ಪು ಕೊಟ್ಟ. ವಿಠಲ್ ಆ ಖಾಲಿ ಪೀಪಾಯಿಯನ್ನು ತಬ್ಬಿಕೊಂಡು ಆರು ಫೋಟೋ ತೆಗೆಸಿಕೊಂಡ.

ಮೂರನೆಯದು ಹೊಳೆಯ ದಂಡೆಗೇ ಇತ್ತು. ಪಡಸಾಲೆಯಂಥ ದೊಡ್ಡ ಜಗುಲಿ, ಅದರ ಮುಂದೆ ಬೇವಿನ ಮರ, ಅದರಾಚೆ ನೀರು. ಸುಭದ್ರಮ್ಮ ಮುಳುಗು ಹಾಕಿ ಬಂದರು. ಸಕ್ಕೂಬಾಯಿಯೂ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಬೇವಿನ ಮರದ ಕೆಳಗೆ ನೀರಿನಿಂದ ಗೆರೆ ಎಳೆದು, ಗೆರೆಯೊಳಗೆ ಒಲೆ ಹೂಡಿದಳು. ಅಲ್ಲಿಗೆ ಚಂದ್ರ ಎಂಬವನು ಬಂದ. ಅತಿಥಿಗಳಿಗೆ ವೈನಿನ ಗುಣ ವಿವರಿಸುವುದು ಅವನ ಕೆಲಸ. ಕಪ್ಪು ಕೋಟು, ಮೂಗಿನಿಂದ ಹೊರಡುವ ಇಂಗ್ಲಿಷು. ಗೆರೆ ದಾಟಬೇಡಿ ಎಂದು ಸಕ್ಕೂಬಾಯಿ ಗದರಿದಾಗ ಗಾಬರಿಯಲ್ಲಿ "ದಾಟಂಗಿಲ್ಲಮ್ಮಾ" ಎಂದುಬಿಟ್ಟ. ಯಾವೂರು ಎಂದು ಕೇಳಿದರೆ ಕರ್ನೂಲು ಸೀಮೆಯ ಮದ್ದಿಕೇರ.

ಸುಭದ್ರಮ್ಮ ಜಗುಲಿಯ ಆ ತುದಿಯಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂತ ಮೇಲೆ ಈ ತುದಿಯಲ್ಲಿ ಪಾಠ ಶುರುವಾಯಿತು. ಗ್ಲಾಸನ್ನು ಅಲುಗಿಸಬೇಕು, ಮೂಗು ಒಳಗಿಡಬೇಕು, ಬಾಯಿಗೆ ಹಾಕಿ ಮುಕ್ಕಳಿಸಬೇಕು, ಪಕ್ಕದ ಡಬ್ಬಿಗೆ ಉಗುಳಬೇಕು. ಕಾಸು ಕೊಟ್ಟು ಕೊಂಡದ್ದನ್ನು ಡಬ್ಬಿಗೆ ಉಗುಳುವವರೂ ಲೋಕದಲ್ಲಿ ಇದ್ದಾರೆಂದು ಸಕ್ಕೂಬಾಯಿಗೆ ಅಂದೇ ತಿಳಿದದ್ದು. ವಿಠಲ್ ಮಾತ್ರ ಉಗುಳಲಿಲ್ಲ. ಈ ವೈನಿನಲ್ಲಿ ಚರ್ಮದ ವಾಸನೆ ಇದೆ, ಹೊಗೆಸೊಪ್ಪಿನದು ಇದೆ, ಕೊನೆಗೆ ಹಸಿ ಮಣ್ಣು ಬರುತ್ತದೆ ಎಂದು ಚಂದ್ರ ಕಣ್ಣು ಮುಚ್ಚಿಕೊಂಡು ಹೇಳಿದಾಗ ವಿಠಲ್ ತಾನೂ ಕಣ್ಣು ಮುಚ್ಚಿ ಹೌದೌದು ಎಂದ. ಮರಕ್ಕೆ ಒರಗಿದ್ದ ಸುಂಕಣ್ಣ ಇದನ್ನು ಕೇಳಿ, "ನಮ್ಮಪ್ಪನ ಚಪ್ಪಲಿನೂ ಹಿಂಗ ನಾರ್ತಿತ್ತಮ್ಮಾ, ಯಾರೂ ರೊಕ್ಕ ಕೊಡ್ಲಿಲ್ಲ" ಅಂದ. ಸಕ್ಕೂಬಾಯಿ ನಗಲಿಲ್ಲ. ಬೇಳೆ ಉಕ್ಕುವ ಹೊತ್ತು.

ಇತ್ತ ತಾಯಿಯ ಪಾಲಿನ ಐದು ಗ್ಲಾಸು ಮೇಜಿನ ಮೇಲೆ ಹಾಗೇ ಉಳಿದಿತ್ತು. ಅದು ವಿಠಲನ ಕಣ್ಣಿಗೆ ಚುಚ್ಚುತ್ತಿತ್ತು. ಬದಲಿಗೆ ದ್ರಾಕ್ಷಿ ಜ್ಯೂಸ್ ಕೊಡಿ ಎಂದು ಆತ ಮೊದಲೇ ಹೇಳಿದ್ದ. ಜ್ಯೂಸ್ ಮುಗಿದಿದೆ, ಬೇಕಾದರೆ ಸಿಹಿ ವೈನ್ ಒಂದಿದೆ, ಕುಡಿದರೆ ಶರಬತ್ತೇ ಅನ್ನಬೇಕು ಎಂದು ಚಂದ್ರ ಕಿವಿಯಲ್ಲಿ ಉಸುರಿದ. ವಿಠಲ್ ಒಂದು ಗಳಿಗೆ ಆಕಾಶ ನೋಡಿದ, ಒಂದು ಗಳಿಗೆ ಬಿಲ್ಲು ನೋಡಿದ, ಆಮೇಲೆ ತಲೆಯಾಡಿಸಿದ. ಇದನ್ನು ಕಣ್ಣಾರೆ ಕಂಡವನು ಸುಂಕಣ್ಣ. ಹೇಳಿದ್ದು ಮಾತ್ರ ಆಮೇಲೆ.

ಸುಭದ್ರಮ್ಮನವರು ಸುಲಭಕ್ಕೆ ಬಾಯಿ ತೆರೆಯುವವರಲ್ಲ. ಗಾಜಿನ ಲೋಟವನ್ನು ದೂರ ಸರಿಸಿ ತಮ್ಮ ಬೆಳ್ಳಿ ತಂಬಿಗೆಯನ್ನು ಮುಂದಿಟ್ಟರು. ಹಾಕುವುದಾದರೆ ತಾಗದಂತೆ ಮೇಲಿನಿಂದ ಹಾಕು ಎಂದರು. ಅದಕ್ಕೂ ಮೊದಲು ಪರೀಕ್ಷೆ. ಅರವತ್ತು ವರ್ಷದ ಮಡಿಯಲ್ಲಿ ಗಟ್ಟಿಯಾದ ಪ್ರಶ್ನೆಗಳು ಒಂದೊಂದಾಗಿ ಹೊರಬಿದ್ದವು.

"ಇದಕ್ಕ ನೀರು ಹಾಕ್ಯಾರೇನು?"

"ಒಕ್ಕ ಚುಕ್ಕ ಲೇದಮ್ಮಾ, ಒಂದು ಹನಿನೂ ಇಲ್ಲ. ನೂರಕ್ಕ ನೂರು ದ್ರಾಕ್ಷಿ."

ಉಪ್ಪು ಬಿದ್ದಿದೆಯೇ ಎಂದರು, ಇಲ್ಲ ಎಂದ. ಬೆಂಕಿ ತೋರಿಸಿದ್ದಾರೆಯೇ ಎಂದರು, ಇಲ್ಲವೇ ಇಲ್ಲ ಎಂದ. ಹಿಂಡಿದವರು ಯಾವ ಜನ ಎಂದರು. ಮನುಷ್ಯರು ಕೈ ಹಚ್ಚುವುದಿಲ್ಲ, ಯಂತ್ರ ಹಿಂಡುತ್ತದೆ ಎಂದ. ಎಲ್ಲಿ ಇಟ್ಟಿದ್ದರು, ಯಾರ್ಯಾರು ಮುಟ್ಟಿದರು?

"ಕತ್ತಲ ಕೋಣಿಯಾಗ ಮೂರು ವರ್ಷ ಇಟ್ಟಿದ್ದು. ಆ ಮೂರು ವರ್ಷ ಯಾರೂ ಮುಟ್ಟಂಗಿಲ್ಲಮ್ಮಾ, ರೂಲ್ ಐತಿ."

ಚಂದ್ರ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಭದ್ರಮ್ಮನವರ ಮುಖ ಅರಳಿತು. ನೀರಿಲ್ಲ, ಉಪ್ಪಿಲ್ಲ, ಬೆಂಕಿಯಿಲ್ಲ, ಮೂರು ವರ್ಷ ಮನುಷ್ಯರ ಕೈ ಸೋಕಿಲ್ಲ. ತಮ್ಮ ತವರಿನ ಮಡಿಕೋಣೆಯಲ್ಲೂ ಇಷ್ಟು ಕಟ್ಟುನಿಟ್ಟು ಕಾಣಲಿಲ್ಲ ಎಂದು ಮಗನಿಗೆ ಹೇಳಿದರು. ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ಮಡಿಯವರಿಗೆ ಅದನ್ನು ಕೇಳುವ ಪ್ರಸಂಗವೇ ಬರುವುದಿಲ್ಲ ಎಂದು ಎಲ್ಲರೂ ನಂಬಿಕೊಂಡಿದ್ದಾರೆ. ತಂಬಿಗೆಯನ್ನು ಎತ್ತಿ, ತುಟಿಗೆ ತಾಗಿಸದೆ, ಗಂಟಲಿಗೆ ನೇರ ಧಾರೆ ಬಿಟ್ಟರು. ಎರಡನೆಯ ಸಲ ತಾವೇ ಮುಂದೆ ನೀಡಿದರು. ಮೂರನೆಯ ಸಲ ಎಷ್ಟು ಹೊತ್ತು ಎಂದು ಕೇಳಿದರು.

ಅನ್ನ ಆಗಿತ್ತು, ಸಾರು ಆಗಿತ್ತು, ಚವಳಿಕಾಯಿ ಪಲ್ಯ ಆಗಿತ್ತು. ಎಲೆ ಹಾಕಲೇ ಎಂದು ಕೇಳಲು ಸಕ್ಕೂಬಾಯಿ ಜಗುಲಿಯ ಮೆಟ್ಟಿಲ ಹತ್ತಿರ ಬಂದಳು. ಹೊಳೆಯ ಗಾಳಿ ಜಗುಲಿಯ ಮೇಲಿಂದ ಈಚೆಗೆ ಬೀಸುತ್ತಿತ್ತು. ಆಕೆ ಅಲ್ಲೇ ನಿಂತುಬಿಟ್ಟಳು.

ವಿಠಲನ ಗ್ಲಾಸಿನಲ್ಲಿ ಏನಿದೆ ಎಂದು ಆಕೆಗೆ ಬಂದಾಗಲೇ ತಿಳಿದಿತ್ತು. ಅದು ಆತನ ಕರ್ಮ. ಈಗ ಬಂದದ್ದು ಸುಭದ್ರಮ್ಮನವರ ತಂಬಿಗೆಯಿಂದ. ಮೇಲೆ ಸಕ್ಕರೆಯಂಥ ಸಿಹಿ, ಒಳಗೆ ಆ ಇನ್ನೊಂದು. ಮುದುಕಿಯ ಕೆನ್ನೆ ಕೆಂಪಾಗಿತ್ತು, ಮೊಣಕಾಲು ನೋವು ಪೂರಾ ಹೋಯಿತು ಎಂದು ಸಂಭ್ರಮದಿಂದ ಹೇಳುತ್ತಿದ್ದರು. ಸುಮ್ಮನಿದ್ದುಬಿಡೋಣ ಎಂದುಕೊಂಡಳು ಸಕ್ಕೂಬಾಯಿ. ಕುಡಿಸಿದವನು ಹೊಟ್ಟೆಯ ಮಗ, ಕುಡಿದವರು ಅವನ ತಾಯಿ, ನಡುವೆ ಅಡುಗೆಯವಳದೇನು? ಸುಮ್ಮನಿರುವುದು ಆಕೆಗೆ ಹೊಸ ವಿದ್ಯೆಯಲ್ಲ.

ಆದರೆ ಸುಭದ್ರಮ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ರಸ ದೇವರಿಗೆ ಮುಟ್ಟದೆ ನಾವೇ ಕುಡಿದದ್ದು ತಪ್ಪಾಯಿತು, ಒಂದು ಬಾಟಲಿ ಕಟ್ಟಿಸು ಎಂದು ಮಗನಿಗೆ ಅಪ್ಪಣೆಯಾಯಿತು. ನಾಳೆ ಗುರುವಾರ. ತೊಡೆಯ ಮೇಲಿನ ದೇವರ ಪೆಟ್ಟಿಗೆಯನ್ನು ತಟ್ಟಿ ಸಕ್ಕೂಬಾಯಿಯ ಕಡೆ ತಿರುಗಿದರು.

"ಸಕ್ಕೂ, ನಾಳೆ ನೈವೇದ್ಯಕ್ಕ ಪಾಯಸದ ಮಗ್ಗಲಿಗೆ ಇದನ್ನ ಇಡು. ಅಭಿಷೇಕಕ್ಕೂ ಎರಡು ಉದ್ಧರಣಿ ಇರಲಿ."

ವಿಠಲ್ ಕೆಮ್ಮಿದ. ಚಂದ್ರ ಉಗುಳುವ ಡಬ್ಬಿಯ ಕಡೆ ನೋಡಿದ. ಮನುಷ್ಯರ ವಿಷಯದಲ್ಲಿ ಸಕ್ಕೂಬಾಯಿ ಎಷ್ಟು ಬೇಕಾದರೂ ಬಾಯಿಗೆ ಬೀಗ ಹಾಕಿಕೊಂಡಾಳು, ಹಾಕಿಕೊಂಡವಳೇ. ಆದರೆ ತನ್ನ ಕೈಯಿಂದ ಸಾಲಿಗ್ರಾಮದ ಮುಂದೆ ಅದನ್ನು ಇಡುವುದು ಆಕೆಯಿಂದಾಗುವ ಕೆಲಸವಾಗಿರಲಿಲ್ಲ. ಇಪ್ಪತ್ತೆರಡು ವರ್ಷ ನಾಲಿಗೆಯನ್ನು ಕಟ್ಟಿಹಾಕಿ ಬೇಯಿಸಿದ್ದು ಈ ಒಂದು ಬಾಟಲಿಗೆ ಸೋಲಲೆಂದಲ್ಲ.

"ಅದು ಹೆಂಡ ಅದರಿ ಅಮ್ಮಾ. ದೇವರಿಗೆ ಇಡಬ್ಯಾಡ್ರಿ."

ಸುಭದ್ರಮ್ಮ ತಂಬಿಗೆಯನ್ನು ನೋಡಿದರು, ಮಗನನ್ನು ನೋಡಿದರು. ಹೌದೇನೋ ಎಂದರು. ಜ್ಯೂಸೇ ಅಮ್ಮಾ, ಸ್ವಲ್ಪ ಹಳೆಯದು ಎಂದ ಮಗ. ಆಮೇಲೆ, ಕಚೇರಿಯಲ್ಲಿ ಫೈಲು ತಪ್ಪಿದಾಗ ಕೆಳಗಿನವನ ಮೇಲೆ ತಿರುಗಿಸುವ ಅಭ್ಯಾಸ ಇಲ್ಲಿಯೂ ನೆರವಿಗೆ ಬಂತು.

"ಅದೆಲ್ಲ ಇರಲಿ. ಈಕಿಗೆ ಹೆಂಗ ಗೊತ್ತಾತು, ಅದನ್ನ ಕೇಳು ಮೊದಲ. ಮಡಿ ಹೆಣ್ಣುಮಗಳಿಗೆ ಹೆಂಡದ ವಾಸನಿ ಗುರುತು ಹೆಂಗ ಸಿಗ್ತದ?"

ಸುಭದ್ರಮ್ಮನವರ ಕಣ್ಣು ಸಕ್ಕೂಬಾಯಿಯ ಮೇಲೆ ನಿಂತಿತು. ಹೌದಲ್ಲ ಎಂಬಂತಿತ್ತು ಆ ನೋಟ. ಸಕ್ಕೂಬಾಯಿಗೆ ಎರಡೇ ದಾರಿ ಉಳಿಯಿತು. ತಪ್ಪಾಯಿತು, ನನ್ನ ಮೂಗು ಕೆಟ್ಟಿದೆ ಎಂದರೆ ನಾಳೆ ಆ ಬಾಟಲಿ ದೇವರ ಮುಂದೆ. ನಿಜ ಹೇಳಿದರೆ ಎಂಟು ವರ್ಷದ ಹಿಂದೆ ಸತ್ತ ಗಂಡನನ್ನು ಬೀದಿಗೆ ತಂದು ನಿಲ್ಲಿಸಿದಂತೆ, ಜೊತೆಗೆ ತನ್ನ ಅನ್ನವನ್ನೂ. ಮೆಟ್ಟಿಲಿನ ಕಟ್ಟೆ ಹಿಡಿಯಬೇಕೆನಿಸಿತು, ಮಡಿ ಕೆಡುತ್ತದೆಂದು ಹಿಡಿಯಲಿಲ್ಲ.

"ಮೂವತ್ತು ವರ್ಷ ಈ ವಾಸನಿ ಮಗ್ಗಲಾಗ ಮಲಕೊಂಡೀನ್ರಿ. ನಮ್ಮನಿಯವರು ಕುಡೀತಿದ್ರು. ಪುರಾಣಕ್ಕ ಹೋಗೂಕಿಂತ ಮೊದಲೂ ಕುಡೀತಿದ್ರು."

ಹೇಳಿದ ಮೇಲೆ ಆಕೆಗೆ ಅಳು ಬರಲಿಲ್ಲ. ಬಾಯಿಯೊಳಗಿದ್ದ ಕಲ್ಲನ್ನು ತೆಗೆದಿಟ್ಟ ಹಾಗಾಯಿತು, ಅಷ್ಟೇ. ಆ ಕೆಂಪು ಕಣ್ಣು, ಆ ಕಟ್ಟಿದ ಗಂಟಲು, ಆ ನಡುಗುವ ಕೈ, ಎಲ್ಲಕ್ಕೂ ಕಾರಣ ಒಂದೇ ಬಾಟಲಿಯಲ್ಲಿತ್ತು. ಅವರು ಎದ್ದು ಹೊರಡುವಾಗ ಬಾಯಿಗೆ ಎರಡು ಏಲಕ್ಕಿ ಹಾಕುತ್ತಿದ್ದವಳು ತಾನೇ. ಗಳಿಸಿದ್ದೆಲ್ಲ ಅದಕ್ಕೇ ಹೋಗುತ್ತಿದ್ದದ್ದರಿಂದ ಪರರ ಮನೆಯ ಒಲೆ ಊದಲು ಹೊರಟವಳೂ ತಾನೇ. ಗುರುಗಳ ಸೇವೆಗೆಂದು ಅಡುಗೆ ಹಿಡಿದಳು ಎಂದು ಓಣಿಯವರು ಹೊಗಳಿದಾಗ ತಲೆ ತಗ್ಗಿಸಿ ಕೇಳಿಸಿಕೊಂಡವಳೂ ತಾನೇ.

ಸುಭದ್ರಮ್ಮ ನ್ಯಾಯ ಹೇಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ತಿಳಿಯದೆ ಕುಡಿದದ್ದಕ್ಕೆ ಪಂಚಗವ್ಯ ಒಂದು ಉದ್ಧರಣಿ ಸಾಕು, ಶಾಸ್ತ್ರದಲ್ಲಿದೆ. ಮಗ ಕುಡಿದದ್ದು ಕಾಲದ ದೋಷ. ಆದರೆ ಕುಡುಕನ ಮನೆಯ ಹೆಂಗಸು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಲೋಕಕ್ಕೆಲ್ಲ ಬಡಿಸಿದಳಲ್ಲ, ಅದಕ್ಕೆ ಪ್ರಾಯಶ್ಚಿತ್ತವೇ ಇಲ್ಲ. ಈಕೆಯ ಕೈ ಅನ್ನ ತಮಗೆ ಬೇಡ. ಇಷ್ಟನ್ನೂ ಅವರು ಬೆಳ್ಳಿ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. ನಾಲಿಗೆ ಒಂದೆರಡು ಕಡೆ ತೊದಲಿತು, ಅದನ್ನು ಎಲ್ಲರೂ ಸಿಟ್ಟು ಎಂದುಕೊಂಡರು. ಅಷ್ಟು ಹೇಳಿ ಕುರ್ಚಿಯಲ್ಲೇ ಒರಗಿ ಗೊರಕೆ ಹೊಡೆದರು.

ಬೇವಿನ ಮರದ ಕೆಳಗೆ ನಾಲ್ಕು ಜನರ ಅಡುಗೆ ಆರುತ್ತಿತ್ತು. ಸಕ್ಕೂಬಾಯಿ ಗೆರೆಯನ್ನು ಕಾಲಿನಿಂದ ಒರೆಸಿದಳು. ಸುಂಕಣ್ಣನಿಗೆ ಎಲೆ ಹಾಕಿದಳು, ಮದ್ದಿಕೇರದ ಚಂದ್ರನನ್ನು ಕೂಗಿದಳು, ಮೂರನೆಯ ಎಲೆ ತನಗೇ ಹಾಕಿಕೊಂಡಳು. ಚಂದ್ರ ಕೋಟು ಬಿಚ್ಚಿಟ್ಟು ಮೂರು ಸಲ ಸಾರು ಹಾಕಿಸಿಕೊಂಡ. ಅದರಲ್ಲಿ ಚರ್ಮದ ವಾಸನೆಯನ್ನಾಗಲಿ ಹೊಗೆಸೊಪ್ಪನ್ನಾಗಲಿ ಹುಡುಕಲಿಲ್ಲ. ಅಮ್ಮಾ, ಇನ್ನೊಂದು ಸೌಟು ಎಂದು ಮಾತ್ರ ಹೇಳಿದ. ತಪ್ಪು ತನ್ನದೂ ಇದೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡವನು ಆ ಜಾಗದಲ್ಲಿ ಅವನೊಬ್ಬನೇ.

ಇನ್ನೋವಾ ಮಂತ್ರಾಲಯ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಾಳೆಗೆ ಬೇರೆ ಅಡುಗೆಯವರು ಬೇಕು ಎಂದು ವಿಠಲ್ ದಾರಿಯಿಂದಲೇ ಫೋನು ಮಾಡಿದ್ದ. ಜಯತೀರ್ಥಾಚಾರ್ ಕುಡಿಯುತ್ತಿದ್ದರೆಂದು ಅವರ ಹೆಂಡತಿಯೇ ಒಪ್ಪಿಕೊಂಡಳು ಎಂದು ವಿವರವಾಗಿ ಹೇಳಿದ್ದ. ಯಾವ ಜಾಗದಲ್ಲಿ, ಯಾವ ಸಂದರ್ಭದಲ್ಲಿ ಎಂಬುದು ಮಾತ್ರ ಫೋನಿಗೆ ಕೇಳಿಸಲಿಲ್ಲ. ಸುಯಮೀಂದ್ರಾಚಾರ್ ಲಾಡ್ಜಿನ ಬಾಗಿಲಲ್ಲೇ ನಿಂತಿದ್ದರು. ಮಾತು ಮೂರು: ನಾಳೆಯಿಂದ ಬರಬೇಡ, ಪಾತ್ರೆ ಒಳಗಿಡಬೇಡ, ಅಂಥವರ ಹೆಸರು ಹೇಳಿ ನಮ್ಮನ್ನೂ ಹಾಳು ಮಾಡಿದೆ. ವಾಸನೆಯ ವಿಷಯದಲ್ಲಿ ಅಂದು ಸೋತದ್ದನ್ನು ಇಂದು ಬಡ್ಡಿ ಸಮೇತ ವಸೂಲು ಮಾಡಿದರು.

ಹತ್ತು ದಿನ ಸಕ್ಕೂಬಾಯಿಗೆ ಕೆಲಸ ಬರಲಿಲ್ಲ. ನಮಗೆ ಮೊದಲೇ ಗೊತ್ತಿತ್ತು ಎಂದು ಹೇಳುವವರು ಓಣಿಯ ತುಂಬ ಹುಟ್ಟಿಕೊಂಡರು. ಅವರೆಲ್ಲ ಆಗ ಪುರಾಣ ಕೇಳಿ ಕಣ್ಣೊರೆಸಿಕೊಂಡವರೇ. ಆಕೆಗೆ ಸಿಟ್ಟು ಬಂತು, ದುಃಖವೂ ಬಂತು. ಗಂಡನಿಗೆ ದ್ರೋಹ ಮಾಡಿದೆನೇ ಎಂದು ಒಬ್ಬಳೇ ಕೂತು ಅತ್ತದ್ದೂ ಉಂಟು. ಮನೆಯಲ್ಲಿದ್ದ ಅಕ್ಕಿ ಇಷ್ಟಿಷ್ಟೇ ಇಳಿಯುತ್ತ ಬಂತು.

ಹನ್ನೊಂದನೆಯ ದಿನ ಮಧ್ಯಾಹ್ನ, ಗಂಡಸರೆಲ್ಲ ಉಂಡು ಮಲಗಿದ ಹೊತ್ತಿಗೆ, ಹಿತ್ತಿಲ ಬಾಗಿಲು ಸಪ್ಪಳವಾಯಿತು. ಬಂದವಳು ಹರಿಪ್ರಿಯಾ, ಸುಯಮೀಂದ್ರಾಚಾರ್ರ ಹೆಂಡತಿ. ಕಂಕುಳಲ್ಲಿ ಗಂಡನ ಶಲ್ಯ ಸುತ್ತಿ ಹಿಡಿದುಕೊಂಡಿದ್ದಳು. ಕೂರು ಎಂದರೆ ಕೂರಲಿಲ್ಲ. ಸಂಜೆ ಜಪಕ್ಕೆಂದು ಹೊಳೆಯ ಕಡೆ ಹೋಗಿ ಬಂದವರು ಏಲಕ್ಕಿ ಅಗಿಯುತ್ತಿರುತ್ತಾರೆ, ಎರಡು ವರ್ಷವಾಯಿತು, ಕೇಳಿದರೆ ಗಂಟಲಿಗೆ ಎನ್ನುತ್ತಾರೆ ಎಂದು ತಡವರಿಸಿ ಹೇಳಿದಳು. ಶಲ್ಯವನ್ನು ಮುಂದೆ ಚಾಚಿದಳು.

"ಸಕ್ಕೂ ಅತ್ಯಾ, ನಂಗ ತಿಳೀವಲ್ದು. ನೀವು ಒಂದೀಟು ಹೇಳ್ರಿ."

ಹತ್ತಿರ ತರುವ ಅಗತ್ಯವೇ ಇರಲಿಲ್ಲ. ಆಕೆ ಬಾಗಿಲಲ್ಲಿ ನಿಂತಾಗಲೇ ಸಕ್ಕೂಬಾಯಿಗೆ ಗೊತ್ತಾಗಿತ್ತು. ಇಲ್ಲ ಎಂದರೆ ಈ ಹುಡುಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ, ಇನ್ನು ಇಪ್ಪತ್ತೆಂಟು ವರ್ಷ ಏಲಕ್ಕಿ ಬಿಡಿಸುತ್ತಾಳೆ. ಆ ವಯಸ್ಸಿನಲ್ಲಿ ತನಗೆ ಹೀಗೆ ಹೋಗಿ ಕೇಳಲು ಒಂದು ಹಿತ್ತಿಲ ಬಾಗಿಲು ಇರಲಿಲ್ಲ ಎಂಬುದು ಸಕ್ಕೂಬಾಯಿಗೆ ನೆನಪಾಯಿತು.

"ಅದ ವಾಸನಿ, ಹರಿ."

ಹರಿಪ್ರಿಯಾ ಹೊಸ್ತಿಲ ಮೇಲೆ ಕುಸಿದು ಕೂತಳು. ಅತ್ತಳು. ಅತ್ತು ಮುಗಿಸಿ ಮುಖ ಒರೆಸಿಕೊಂಡ ಮೇಲೆ ಬುದ್ಧಿವಂತಿಕೆಯ ಮಾತಾಡಿದಳು. ಗುರುವಾರದಿಂದ ಅಡುಗೆಗೆ ಬನ್ನಿ, ಅವರನ್ನು ಒಪ್ಪಿಸುವುದು ನನಗಿರಲಿ; ಆದರೆ ಈ ವಿಷಯ ಯಾರ ಮುಂದೆಯೂ ಹೇಳಬೇಡಿ, ಸುಮ್ಮನಿದ್ದುಬಿಡಿ ಎಂದಳು. ಸಕ್ಕೂಬಾಯಿ ಬರಿದಾಗುತ್ತಿದ್ದ ಅಕ್ಕಿಯ ಡಬ್ಬಿಯ ಕಡೆ ಒಮ್ಮೆ ನೋಡಿದಳು.

"ಅಡಿಗಿ ಕೆಲಸ ಬ್ಯಾರೆ ಹರಿ, ಸುಮ್ಮನಿರೋ ಕೆಲಸ ಬ್ಯಾರೆ. ಅಡಿಗಿಗಷ್ಟ ಬರ್ತೀನಿ."

ಹರಿಪ್ರಿಯಾ ಶಲ್ಯವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಎದ್ದಳು. ಆಮೇಲೆ ಮನೆಗೆ ಹೋಗಿ ಗಂಡನಿಗೆ ಏನು ಹೇಳಿದಳೋ, ಗುರುವಾರ ಬೆಳಿಗ್ಗೆ ಸುಯಮೀಂದ್ರಾಚಾರ್ ತಾವೇ ಬಂದು ಲಾಡ್ಜಿನ ಅಡುಗೆಕೋಣೆಯ ಬೀಗ ತೆಗೆದರು. ತೆಗೆದವರು ಸರಸರನೆ ಹತ್ತು ಮಾರು ಹಿಂದೆ ಸರಿದು, ಗಾಳಿ ಯಾವ ಕಡೆಗಿದೆ ನೋಡಿಕೊಂಡು ನಿಂತರು. ಅಂದಿನಿಂದ ಆ ಓಣಿಯ ಇನ್ನೂ ಕೆಲವು ಗಂಡಸರು ಸಕ್ಕೂಬಾಯಿ ಎದುರಾದರೆ ಗೋಡೆಗೆ ಅಂಟಿಕೊಂಡು, ಉಸಿರು ಹಿಡಿದು, ದಾರಿ ಬಿಡುತ್ತಾರೆ. ಈ ಕಾಲದಲ್ಲೂ ಮಡಿ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಪರಸ್ಥಳದ ಯಾತ್ರಿಕರು ಅದನ್ನು ನೋಡಿ ಕೈ ಮುಗಿಯುತ್ತಾರೆ. ಏನಾದರೂ ಕೇಳಿದವರಿಗೆ ಸಕ್ಕೂಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಹೆಂಗಸರು ಆರೇಳು ಜನ ಬಂದು ಕೇಳಿ ಹೋಗಿದ್ದಾರೆ. ಗಂಡಸರು ಇದುವರೆಗೆ ಯಾರೂ ಬಂದಿಲ್ಲ.